ಅಪ್ಪು ಕೊಟ್ಟ ಕಣ್ಣು, ನಮ್ಮೂರಿನ ಆರು ಗಂಟೆ

(ಸುವರ್ಣ ಮಹೋತ್ಸವದ ಎರಡನೇ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಈ ಶಾಲೆಗೆ ಎಂಟನೇ ತರಗತಿಗೆ ಸೇರಿದಾಗ ಇಲ್ಲಿ ಇದ್ದದ್ದು ಎರಡೇ ಕೊಠಡಿ, ಒಂದು ಬೇವಿನ ಮರ. ಉಳಿದ ತರಗತಿಗಳು ಮರದ ಕೆಳಗೆ ನಡೆಯುತ್ತಿದ್ದವು. ಪ್ರಯೋಗಾಲಯ ಅಂತ ಏನೂ ಇರಲಿಲ್ಲ. ಒಂದು ದಿನ ವಿಜ್ಞಾನದ ಮೇಷ್ಟ್ರು ಸಂತೆಯಿಂದ ಕುರಿಯ ಕಣ್ಣು ತಂದು, ಬ್ಲೇಡಿನಿಂದ ಕೊಯ್ದು, ನಮ್ಮೆಲ್ಲರಿಗೂ ತೋರಿಸಿದರು. ಮುಂಭಾಗದ ತೆಳ್ಳನೆಯ ಪದರವನ್ನು ಬೆರಳ ತುದಿಯಲ್ಲಿ ಹಿಡಿದು, "ಇದು ಕಾರ್ನಿಯಾ. ಕಣ್ಣೆಂಬ ಮನೆಗೆ ಕಿಟಕಿಯ ಗಾಜು ಇದ್ದಂತೆ. ಗಾಜು ಮಸುಕಾದರೆ ಒಳಗೆ ದೀಪ ಚೆನ್ನಾಗಿದ್ದರೂ ಏನೂ ಕಾಣುವುದಿಲ್ಲ" ಎಂದರು.

ಆ ಮಾತು ನನಗೆ ಮಾತ್ರ ಬೇರೆ ರೀತಿ ಕೇಳಿಸಿತು. ಏಕೆಂದರೆ ನಮ್ಮಪ್ಪನ ಎಡಗಣ್ಣಿಗೆ ಹೂ ಬಿದ್ದಿತ್ತು. ಒಂದು ಸುಗ್ಗಿಯಲ್ಲಿ ಭತ್ತ ಬಡಿಯುವಾಗ ಕಣ್ಣಿಗೆ ಮುಳ್ಳು ತಾಗಿತ್ತು. ಯಾರೋ ಸೊಪ್ಪಿನ ರಸ ಹಿಂಡಿದರು, ಯಾರೋ ಎದೆಹಾಲು ಹಾಕಿಸಿದರು. ವಾರದಲ್ಲಿ ಕಣ್ಣು ಕೀವಾಯಿತು, ತಿಂಗಳಲ್ಲಿ ಬಿಳಿ ಹೂ ಕೂತಿತು. "ಹಣೆಬರಹ" ಅಂದರು. ಅದು ಹಣೆಬರಹವಲ್ಲ, ಕಿಟಕಿಯ ಗಾಜು ಕೆಟ್ಟಿದೆ, ಗಾಜು ಬದಲಾಯಿಸಬಹುದು ಎಂದು ನನಗೆ ತಿಳಿದದ್ದು ಈ ಬೇವಿನ ಮರದ ಕೆಳಗೆ.

ಮುಂದೆ ನಾನು ನೇತ್ರಾಧಿಕಾರಿಯಾದೆ. ಹೊಸಪೇಟೆ, ಸಂಡೂರು, ಕಂಪ್ಲಿ ಭಾಗದ ಸರ್ಕಾರಿ ಆಸ್ಪತ್ರೆಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಣ್ಣು ನೋಡುವ ಕೆಲಸ ಮಾಡಿ ನಿವೃತ್ತನಾದೆ. ಸಂಡೂರಿನಲ್ಲಿ ಬರುತ್ತಿದ್ದವರು ಅದಿರಿನ ಧೂಳು ಬಿದ್ದವರು, ವೆಲ್ಡಿಂಗ್ ಕಿಡಿ ಹಾರಿದವರು. ಹೊಸಪೇಟೆಯಲ್ಲಿ ಲಾರಿ ಗ್ಯಾರೇಜಿನ ಹುಡುಗರು. ಕಂಪ್ಲಿ ಕಡೆ ಭತ್ತದ ಮುಳ್ಳು, ಕಬ್ಬಿನ ಗರಿ ತಾಗಿದವರು. ಊರು ಬೇರೆ, ಕಸುಬು ಬೇರೆ, ಪೆಟ್ಟಾದ ಜಾಗ ಮಾತ್ರ ಒಂದೇ, ಕಾರ್ನಿಯಾ. ಬೇಗ ಬಂದವರ ಕಣ್ಣು ಉಳಿಯುತ್ತಿತ್ತು. ತಡವಾಗಿ ಬಂದವರಿಗೆ ನಾನು ಹೇಳಬೇಕಿದ್ದ ಮಾತು ಒಂದೇ: "ಇದಕ್ಕೆ ಬೇರೆಯವರ ಕಣ್ಣು ಬೇಕು. ಯಾರಾದರೂ ತೀರಿಕೊಂಡಮೇಲೆ ಕೊಟ್ಟರೆ ಹಾಕಬಹುದು." ಕೊಡುವವರು ಮಾತ್ರ ಸಿಗುತ್ತಿರಲಿಲ್ಲ.

ಸಂಘಟಕರು ನನಗೆ "ಆರೋಗ್ಯ ಜಾಗೃತಿ" ಎಂಬ ವಿಷಯ ಕೊಟ್ಟಿದ್ದಾರೆ. ದೊಡ್ಡ ವಿಷಯ. ನಾನು ಅದರೊಳಗೆ ಒಂದನ್ನೇ ಆರಿಸಿಕೊಳ್ಳುತ್ತೇನೆ. ಹೆಸರುವಾಸಿಯಾದವರು ಆರೋಗ್ಯದ ಮಾತನ್ನು ಜನರಿಗೆ ಹೇಗೆ ಮುಟ್ಟಿಸುತ್ತಾರೆ, ಈಗ ಕೈಯಲ್ಲಿರುವ ಮೊಬೈಲು ಅದರಲ್ಲಿ ಎಷ್ಟು ಕೆಲಸ ಮಾಡುತ್ತದೆ, ಎಲ್ಲಿ ಅದರ ಕೆಲಸ ಮುಗಿದು ನಮ್ಮ ಕೆಲಸ ಶುರುವಾಗುತ್ತದೆ ಎಂಬುದು.

ನಾವು ಶಿಬಿರ ಮಾಡುತ್ತಿದ್ದ ದಿನಗಳು ನೆನಪಾಗುತ್ತವೆ. ತಮಟೆ ಬಾರಿಸಿ ಡಂಗುರ ಹೊಡೆಸಿ, ಗೋಡೆಗೆ ಬರೆಸಿ, ಮೈಕು ಕಟ್ಟಿದ ಆಟೋದಲ್ಲಿ ಊರೂರು ಸುತ್ತಿದರೂ ನೇತ್ರದಾನದ ಭಾಷಣಕ್ಕೆ ಇಪ್ಪತ್ತು ಜನ ಕೂರುತ್ತಿರಲಿಲ್ಲ. ಅದೇ ಹಂಪಿ ಉತ್ಸವದಲ್ಲಿ ಸಿನಿಮಾ ತಾರೆ ಬರುತ್ತಾರೆ ಎಂದರೆ ಸಾಕು, ಟ್ರ್ಯಾಕ್ಟರಿನಲ್ಲಿ ಜನ ತುಂಬಿಕೊಂಡು ಹೋಗುತ್ತಿದ್ದರು. ಆಗ ನನಗೆ ಬೇಸರವಾಗುತ್ತಿತ್ತು. ಈಗ ಇಲ್ಲ. ಪ್ರೀತಿ ಇದ್ದಲ್ಲಿ ಕಿವಿ ಇರುತ್ತದೆ. ಆ ಕಿವಿಗೆ ಯಾವ ಮಾತು ಬೀಳುತ್ತದೆ ಎಂಬುದಷ್ಟೇ ಪ್ರಶ್ನೆ.

ಇದು ಹೊಸದೇನೂ ಅಲ್ಲ. ಅಮಿತಾಭ್ ಬಚ್ಚನ್ ಟಿ.ವಿ.ಯಲ್ಲಿ ಬಂದು ಪೋಲಿಯೊ ಎರಡು ಹನಿ ಹಾಕಿಸಿ ಎಂದು ಗದರಿಸಿ ಹೇಳಿದ್ದು ನಮ್ಮ ವಯಸ್ಸಿನವರಿಗೆಲ್ಲ ನೆನಪಿದೆ. ದೇಶದ ಕೊನೆಯ ಪೋಲಿಯೊ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. 2014ರ ಮಾರ್ಚ್ 27ರಂದು ಭಾರತ ಪೋಲಿಯೊ ಮುಕ್ತ ಎಂದು ಪ್ರಮಾಣಪತ್ರ ಸಿಕ್ಕಿತು. ಆದರೆ ಬಚ್ಚನ್ ಹೇಳಿದ ಮಾತನ್ನು ನಿಜ ಮಾಡಿದವರು ಯಾರು? ಐಸ್ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಮನೆ ಮನೆ ಅಲೆದ ನಮ್ಮ ಅಂಗನವಾಡಿ ಕಾರ್ಯಕರ್ತೆಯರು, ಭಾನುವಾರ ಬೂತಿನಲ್ಲಿ ಕೂತ ಈ ಶಾಲೆಯ ಮೇಷ್ಟ್ರುಗಳು. ಇದನ್ನು ಮರೆಯಬಾರದು.

ನೇತ್ರದಾನದ ಮಾತಿಗೆ ಬಂದರೆ ನಮ್ಮ ನಾಡಿನಲ್ಲಿ ಮೊದಲು ನೆನೆಯಬೇಕಾದವರು ಡಾ. ರಾಜ್‌ಕುಮಾರ್. 1994ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಅವರ ಹೆಸರಿನ ನೇತ್ರ ಬ್ಯಾಂಕ್ ಆರಂಭವಾದಾಗ, ತಮ್ಮ ಇಡೀ ಕುಟುಂಬದ ಕಣ್ಣುಗಳನ್ನು ದಾನ ಮಾಡುವುದಾಗಿ ಮಾತು ಕೊಟ್ಟರು. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಆ ಮಾತು ನಡೆಯಿತು. 2017ರಲ್ಲಿ ಪಾರ್ವತಮ್ಮನವರ ಕಣ್ಣುಗಳೂ ದಾನವಾದವು. ವೇದಿಕೆಯಲ್ಲಿ ಮಾತು ಕೊಡುವುದು ಸುಲಭ. ಸಾವಿನ ಮನೆಯಲ್ಲಿ, ಹೊರಗೆ ಲಕ್ಷ ಜನ ಸೇರಿರುವಾಗ, ನೆನಪಿಟ್ಟುಕೊಂಡು ಆ ಮಾತು ನಡೆಸುವುದು ಸುಲಭವಲ್ಲ.

ಎಷ್ಟು ಕಷ್ಟ ಎಂದು ನಾನು ಅನುಭವಿಸಿ ಹೇಳುತ್ತಿದ್ದೇನೆ. ಈ ಮಾತನ್ನು ಇಷ್ಟು ಜನರ ಮುಂದೆ ಮೊದಲ ಸಲ ಹೇಳುತ್ತಿದ್ದೇನೆ. ನಮ್ಮವ್ವ 2012ರಲ್ಲಿ ತೀರಿಕೊಂಡಳು. ಅಪ್ಪನ ಕಣ್ಣು ಕಂಡವಳು. "ನಾ ಸತ್ತ ಮ್ಯಾಲ ನನ್ನ ಕಣ್ಣು ಕೊಡಪಾ, ಯಾರಿಗರ ಆಕೈತಿ" ಎಂದು ಬಾಯಿಬಿಟ್ಟು ಹೇಳಿದ್ದಳು. ಬೆಳಗಿನ ಜಾವ ಜೀವ ಹೋಯಿತು. ಅಂಗಳದಲ್ಲಿ ದೊಡ್ಡಪ್ಪ, ಸೋದರಮಾವಂದಿರು, ಅತ್ತೆಯರು, ಬೀಗರು ತುಂಬಿಕೊಂಡರು. ಅಳು, ಭಜನೆ. ನಾನು ಮೂರು ಸಲ ಎದ್ದು ನಿಂತೆ, ಮೂರು ಸಲ ಕೂತೆ. ಹೆಣ ಕೊಯ್ಯಿಸಲು ಹೊರಟಿದ್ದಾನೆ ಅಂದಾರು ಎಂಬ ಅಂಜಿಕೆ. ಕೊನೆಗೆ ತಮ್ಮನ ಕಿವಿಯಲ್ಲಿ ಹೇಳುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಕಣ್ಣು ತೆಗೆಯಲು ಇರುವುದು ಆರು ಗಂಟೆ. ಆ ಆರು ಗಂಟೆ ಕಳೆದುಹೋಗಿತ್ತು. ಊರೂರಿಗೆ ಹೋಗಿ "ಕೇಳಿ, ಕೊಡಿ" ಎಂದು ಭಾಷಣ ಮಾಡುತ್ತಿದ್ದವನು ನಾನು. ನನ್ನ ಮನೆಯಲ್ಲಿ ನಾನೇ ಕೇಳಲಿಲ್ಲ.

ಈಗ 2021ಕ್ಕೆ ಬರುತ್ತೇನೆ. ಅಕ್ಟೋಬರ್ 29, ಶುಕ್ರವಾರ. ಪುನೀತ್ ರಾಜ್‌ಕುಮಾರ್, ನಮ್ಮ ಅಪ್ಪು, 46ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಹೊಸಪೇಟೆಯಲ್ಲಿ ಆ ದಿನ ಹೇಗಿತ್ತು ಎಂದು ನಿಮಗೆ ಹೇಳಬೇಕಿಲ್ಲ. ಅಂಗಡಿಗಳ ಬಾಗಿಲು ತಾವಾಗಿಯೇ ಮುಚ್ಚಿದವು. ಮರುವರ್ಷ ಅದೇ ಊರಿನಲ್ಲಿ ಅವರ ಪುತ್ಥಳಿ ನಿಂತಿತು. ಸಾವಿನ ಸುದ್ದಿಯ ಬೆನ್ನಿಗೇ ಇನ್ನೊಂದು ಸುದ್ದಿ ಬಂತು, ಅವರ ಕಣ್ಣುಗಳು ದಾನವಾಗಿವೆ ಎಂದು. ಕೆಲವೇ ದಿನಗಳಲ್ಲಿ ನಾರಾಯಣ ನೇತ್ರಾಲಯದ ಡಾ. ಭುಜಂಗ ಶೆಟ್ಟಿಯವರು, ಆ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದಿದೆ ಎಂದು ತಿಳಿಸಿದರು.

ಎರಡು ಕಣ್ಣು ನಾಲ್ಕು ಜನಕ್ಕೆ ಹೇಗೆ ಎಂದು ಬಹಳ ಜನ ನನ್ನನ್ನು ಕೇಳಿದರು. ಕಾರ್ನಿಯಾ ಒಂದೇ ಗಾಜಲ್ಲ, ಪದರ ಪದರವಾಗಿರುತ್ತದೆ. ಕೆಲವರಿಗೆ ಮೇಲಿನ ಪದರ ಕೆಟ್ಟಿರುತ್ತದೆ, ಕೆಲವರಿಗೆ ಒಳಗಿನ ಪದರ. ಅಪ್ಪು ಅವರ ಒಂದೊಂದು ಕಾರ್ನಿಯಾವನ್ನೂ ಮೇಲಿನದು, ಒಳಗಿನದು ಎಂದು ಬೇರ್ಪಡಿಸಿ, ಯಾರಿಗೆ ಯಾವುದು ಬೇಕೋ ಅದನ್ನು ಜೋಡಿಸಿದರು. ಸಾಮಾನ್ಯವಾಗಿ ಇಬ್ಬರಿಗೆ ಆಗುವುದು ನಾಲ್ವರಿಗೆ ಆಯಿತು.

ಒಂದು ಗಮನಿಸಿ. ಅವರನ್ನು ಬಲ್ಲ ಬಲ್ಲವರೆಲ್ಲ ಹೇಳುವಂತೆ, ಮಾಡಿದ ದಾನವನ್ನು ಸಾರಿ ಹೇಳುವ ಮನುಷ್ಯ ಅವರಲ್ಲ. ಇಲ್ಲಿಯೂ ಸಾರಿದ್ದು ಅವರಲ್ಲ. ಕುಟುಂಬ ಒಂದು ಕೆಲಸ ಮಾಡಿತು. ಅದನ್ನು ಮೊಬೈಲುಗಳು ಹೊತ್ತು ಓಡಿದವು. ವಾಟ್ಸಾಪ್ ಸ್ಟೇಟಸ್, ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಎಲ್ಲಿ ನೋಡಿದರೂ ಆ ನಗುವ ಮುಖ, ಕೆಳಗೆ ನೇತ್ರದಾನದ ಮಾತು. ನೇತ್ರ ಬ್ಯಾಂಕುಗಳಿಗೆ ಸಾವಿರಾರು ಜನ ಹೆಸರು ಬರೆಸಿದರು. ನಾನು ಮೂವತ್ತು ವರ್ಷ ಮೈಕು ಹಿಡಿದು ಮಾಡಲಾಗದ್ದು ಮೂರು ದಿನದಲ್ಲಿ ಆಯಿತು. ಹೊಟ್ಟೆಕಿಚ್ಚಾಗಲಿಲ್ಲ, ಕಣ್ಣು ತುಂಬಿ ಬಂತು.

ಆದರೆ ಅದೇ ಮೊಬೈಲು ಬೇರೆಯದನ್ನೂ ಹೊತ್ತು ತಂತು. ಅದೇ ವರ್ಷದ ಏಪ್ರಿಲ್‌ನಲ್ಲಿ ಅಪ್ಪು ಕೋವಿಡ್ ಲಸಿಕೆ ಹಾಕಿಸಿಕೊಂಡು, ಫೋಟೊ ಹಂಚಿಕೊಂಡು, 45 ದಾಟಿದವರು ಹಾಕಿಸಿಕೊಳ್ಳಿ ಎಂದು ಕೇಳಿದ್ದರು. ನಮ್ಮ ಕಡೆ ಲಸಿಕೆ ಎಂದರೆ ಹೊಲಕ್ಕೆ ಓಡಿಹೋಗುತ್ತಿದ್ದ ಕಾಲ ಅದು. ಆ ಫೋಟೊ ತೋರಿಸಿಯೇ ಒಬ್ಬ ಆಶಾ ಕಾರ್ಯಕರ್ತೆ ಒಂದು ಓಣಿಯ ಗಂಡಸರನ್ನು ಸಾಲಿಗೆ ನಿಲ್ಲಿಸಿದ್ದನ್ನು ನಾನು ನೋಡಿದ್ದೇನೆ. ಆರು ತಿಂಗಳ ನಂತರ ಅದೇ ಮುಖ ಹಾಕಿ, ಲಸಿಕೆಯಿಂದಲೇ ಹೀಗಾಯಿತು, ವ್ಯಾಯಾಮ ಮಾಡಿದರೆ ಸಾಯುತ್ತೀರಿ ಎಂಬ ಸಂದೇಶಗಳು ಹರಿದಾಡಿದವು. ಆಸ್ಪತ್ರೆಗಳಲ್ಲಿ ಇ.ಸಿ.ಜಿ.ಗೆ ಸಾಲು ಹತ್ತಿತು. ಹದಿನೈದು ದಿನ ಹೆದರಿ, ಹದಿನಾರನೆಯ ದಿನ ಮತ್ತೆ ಬೀಡಿ ಹಚ್ಚಿದವರೂ ಇದ್ದರು. ದುಃಖ ತಾಳಲಾರದೆ ಕೆಲವು ಅಭಿಮಾನಿಗಳು ಪ್ರಾಣ ಕಳೆದುಕೊಂಡದ್ದೂ ಸುದ್ದಿಯಾಯಿತು. ಹಾಗೆ ಮಾಡಬೇಡಿ ಎಂದು ನೊಂದ ಕುಟುಂಬವೇ ಕೈಮುಗಿದು ಕೇಳಬೇಕಾಯಿತು. ಮೊಬೈಲಿಗೆ ಒಳ್ಳೆಯದು ಕೆಟ್ಟದ್ದು ಗೊತ್ತಿಲ್ಲ. ಬೆರಳಿಗೆ ಗೊತ್ತಿರಬೇಕು.

ಇನ್ನು ನಾನು ಹೇಳಲೇಬೇಕಾದ ಸಂಗತಿ. 2022ರಲ್ಲಿ ನಮ್ಮ ಕಡೆಯ ಒಂದು ಊರಿನಲ್ಲಿ ಎಪ್ಪತ್ತೆಂಟು ವರ್ಷದ ಅಜ್ಜಿ ತೀರಿಕೊಂಡರು. ಸಂಜೆ ಐದೂವರೆ. ಆರಕ್ಕೆ ನನಗೆ ಫೋನು. ಮಾತಾಡಿದವನು ಆಕೆಯ ಮೊಮ್ಮಗ, ಆಟೋ ಓಡಿಸುವ ಹುಡುಗ. ಆಟೋದ ಹಿಂದೆ ಅಪ್ಪು ಚಿತ್ರ. "ಕಾಕಾ, ಅಜ್ಜಿ ಕಣ್ಣು ಕೊಡಬೇಕು. ಏನ್ ಮಾಡ್ಲಿ ಹೇಳ್ರಿ" ಎಂದ. ಫ್ಯಾನು ಆರಿಸು, ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡು, ತಲೆ ಸ್ವಲ್ಪ ಎತ್ತರಕ್ಕಿಡು ಎಂದು ಹೇಳಿ, ನೇತ್ರ ಬ್ಯಾಂಕಿಗೆ ಫೋನು ಮಾಡಿ, ಗಾಡಿ ಹತ್ತಿ ಹೋದೆ.

ಅಲ್ಲಿ ನಾನು ಅಂಜಿದ್ದೆಲ್ಲ ನಡೆಯುತ್ತಿತ್ತು. "ಕಣ್ಣು ಕಿತ್ತು ಕಳಿಸಿದ್ರ ಮುಂದಿನ ಜನ್ಮದಾಗ ಕುರುಡಿ ಆಗಿ ಹುಟ್ತಾಳ" ಎಂದು ಒಬ್ಬ ಹಿರಿಯರು ಎದ್ದು ನಿಂತಿದ್ದರು. ನನ್ನ ಬಳಿ ಅದಕ್ಕೆ ವಿಜ್ಞಾನದ ಉತ್ತರಗಳಿದ್ದವು. ಬಾಯಿ ತೆರೆಯುವ ಮೊದಲೇ ಹುಡುಗ ಕೇಳಿದ: "ಅಪ್ಪು ಬಾಸ್ ಕೊಟ್ಟಾರ. ಅಪ್ಪಾಜಿ ಕೊಟ್ಟಾರ. ಅವರು ಕುರುಡರಾಗಿ ಹುಟ್ತಾರೇನು ಯಜಮಾನ?" ಅಂಗಳ ಸುಮ್ಮನಾಯಿತು. ಆ ಹಿರಿಯರು ಸ್ವಲ್ಪ ಹೊತ್ತು ನಿಂತು, ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, "ಆತು ಬಿಡು, ನಿನ್ನ ಅಜ್ಜಿ" ಎಂದು ಕೂತರು. ತಂಡ ಬಂದಾಗ ರಾತ್ರಿ ಹತ್ತು. ನಾಲ್ಕೂವರೆ ಗಂಟೆ ಆಗಿತ್ತು. ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಅಜ್ಜಿಯ ಮುಖ ಹೇಗಿತ್ತೋ ಹಾಗೇ ಇತ್ತು. ಆ ಹಿರಿಯರೇ ಬಗ್ಗಿ ನೋಡಿ ಹೇಳಿದರು: "ಏನೂ ಆಗಿಲ್ಲಲ್ಲ!"

ಆ ರಾತ್ರಿ ಗಾಡಿಯಲ್ಲಿ ವಾಪಸು ಬರುವಾಗ ನಮ್ಮವ್ವ ನೆನಪಾದಳು. ಜೊತೆಗೆ ಒಂದು ವಿಷಯ ಸ್ಪಷ್ಟವಾಯಿತು. ದೊಡ್ಡ ಹೆಸರಿನವರು ನಮಗೆ ಕೊಡುವುದು ಧೈರ್ಯ. ಹತ್ತು ಜನರ ನಡುವೆ ಎದ್ದು ನಿಂತು ಒಂದು ಮಾತು ಕೇಳುವ ಧೈರ್ಯ. 2012ರಲ್ಲಿ ನನಗೆ ಇಲ್ಲದ್ದು, 2022ರಲ್ಲಿ ಆ ಹುಡುಗನಿಗೆ ಇತ್ತು. ಆದರೆ ಅಪ್ಪು ಬಂದು ಆ ಅಂಗಳದಲ್ಲಿ ಕೇಳಲಾರರು. ಕೇಳಬೇಕಾದವನು ಆ ಮನೆಯವನೇ. ಮೊಬೈಲಿನಲ್ಲಿ ಸಾವಿರ ಜನ ಹೆಸರು ಬರೆಸಬಹುದು. ಸತ್ತವರು ಎದ್ದು ಬಂದು "ನಾನು ಬರೆಸಿದ್ದೇನೆ" ಎಂದು ಹೇಳುವುದಿಲ್ಲ. ನೋಂದಣಿ ಚೀಟಿ ಇದ್ದರೂ ಮನೆಯವರು ಒಪ್ಪಿ ಸಹಿ ಹಾಕಬೇಕು. ಆದ್ದರಿಂದ ಸ್ಟೇಟಸ್ ಹಾಕುವುದಕ್ಕಿಂತ ಮೊದಲು ಮನೆಯಲ್ಲಿ ಹೇಳಿ.

ಒಳ್ಳೆಯ ಕೆಲಸ ಎಲ್ಲಿ ನಿಂತಿದೆಯೋ ಅಲ್ಲೆಲ್ಲ ಹೀಗೇ ಆಗಿದೆ. ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆ 2015ರಲ್ಲಿ ತಮಗೆ ಖಿನ್ನತೆ ಬಂದಿತ್ತೆಂದು ಬಹಿರಂಗವಾಗಿ ಹೇಳಿದರು. ಅಷ್ಟಕ್ಕೇ ಬಿಡದೆ ಒಂದು ಸಂಸ್ಥೆ ಕಟ್ಟಿದರು. ಅದು ನಮ್ಮ ಪಕ್ಕದ ದಾವಣಗೆರೆ ಜಿಲ್ಲೆಯ ಹಳ್ಳಿಗಳಲ್ಲಿ ಮಾನಸಿಕ ಕಾಯಿಲೆಯವರಿಗೆ ಚಿಕಿತ್ಸೆ ಸಿಗುವಂತೆ ಕೆಲಸ ಮಾಡಿತು. ಅಪ್ಪು ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ಹೃದಯ ಜ್ಯೋತಿ ಯೋಜನೆ ಆರಂಭಿಸಿತು. ಎದೆನೋವು ಎಂದು ಬಂದವರಿಗೆ ಯೋಜನೆಗೆ ಸೇರಿದ ತಾಲ್ಲೂಕು ಆಸ್ಪತ್ರೆಯಲ್ಲೇ ಇ.ಸಿ.ಜಿ. ಮಾಡಿ, ದೂರದ ತಜ್ಞರಿಗೆ ಕಳಿಸಿ, ಹೃದಯಾಘಾತ ಎಂದು ಖಚಿತವಾದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುವ ಯೋಜನೆ ಅದು. ಆದರೆ ಎದೆನೋವನ್ನು ಗ್ಯಾಸ್ ಎಂದುಕೊಂಡು ಸೋಡಾ ಕುಡಿದು ಮಲಗಿದರೆ ಯಾವ ಜ್ಯೋತಿಯೂ ಉಪಯೋಗಕ್ಕೆ ಬರುವುದಿಲ್ಲ.

ಮಕ್ಕಳಿಗೆ ಒಂದು ಮಾತು. ತಾರೆಯರು ಹೇಳಿದ್ದೆಲ್ಲ ವೇದವಾಕ್ಯವಲ್ಲ. ನೇತ್ರದಾನ ಮಾಡಿ ಎನ್ನುವ ಅದೇ ಪರದೆಯ ಮೇಲೆ ಇನ್ನೊಂದು ಹೆಸರುವಾಸಿ ಮುಖ ಪಾನ್ ಮಸಾಲಾ ಹೆಸರು ಹೇಳುತ್ತದೆ. ಹೇಳುವವರು ಯಾರು ಎಂದು ನೋಡಿ. ಹೇಳಿದ್ದನ್ನು ಅವರು ಮಾಡಿದ್ದಾರೆಯೇ, ಅದರಿಂದ ಅವರಿಗೆ ದುಡ್ಡು ಬರುತ್ತದೆಯೇ ಎಂದೂ ನೋಡಿ. ಆಮೇಲೆ ನಿಮ್ಮ ವಿಜ್ಞಾನದ ಮೇಡಂ ಅವರನ್ನು ಕೇಳಿ.

ಕೊನೆಗೆ ಕೆಲಸದ ಮಾತುಗಳನ್ನು ಹೇಳಿ ಮುಗಿಸುತ್ತೇನೆ. ಯಾವ ವಯಸ್ಸಿನವರೂ ಕಣ್ಣು ಕೊಡಬಹುದು. ಕನ್ನಡಕ ಇದ್ದವರು, ಸಕ್ಕರೆ ಕಾಯಿಲೆ ಇದ್ದವರು, ಪೊರೆ ಆಪರೇಷನ್ ಆದವರೂ ಕೊಡಬಹುದು. ಎಚ್.ಐ.ವಿ., ಹೆಪಟೈಟಿಸ್, ರೇಬಿಸ್‌ನಂಥ ಕಾಯಿಲೆಯಿಂದ ತೀರಿಕೊಂಡವರ ಕಣ್ಣು ಬಳಸುವುದಿಲ್ಲ. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಅಪಘಾತದಲ್ಲಿ ತೀರಿಕೊಂಡಾಗ ಅವರ ಅಂಗಾಂಗಗಳು ದಾನವಾದವು. ಮೂತ್ರಪಿಂಡದಂಥ ಅಂಗಗಳ ದಾನ ಮಿದುಳು ನಿಷ್ಕ್ರಿಯವಾದಾಗ ದೊಡ್ಡ ಆಸ್ಪತ್ರೆಯಲ್ಲಿ ಆಗಬೇಕು. ಕಣ್ಣಿಗೆ ಹಾಗಿಲ್ಲ, ಮನೆಯಲ್ಲಿ ತೀರಿಕೊಂಡವರೂ ಕೊಡಬಹುದು, ತಂಡವೇ ಮನೆಗೆ ಬರುತ್ತದೆ. ಸಮಯ ಮಾತ್ರ ಆರು ಗಂಟೆ. ಇನ್ನು ಬದುಕಿರುವಾಗ, ಭತ್ತದ ಮುಳ್ಳು, ಕಬ್ಬಿನ ಗರಿ, ಕಬ್ಬಿಣದ ಪುಡಿ ಕಣ್ಣಿಗೆ ಬಿದ್ದರೆ ಸೊಪ್ಪಿನ ರಸ ಬೇಡ, ಎದೆಹಾಲು ಬೇಡ, ಅಂಗಡಿಯ ಡ್ರಾಪ್ಸ್ ಬೇಡ. ಅದೇ ದಿನ ಆಸ್ಪತ್ರೆಗೆ ಬನ್ನಿ. ಉಳಿಸಿಕೊಂಡ ಕಣ್ಣಿಗೆ ದಾನಿಯ ಅಗತ್ಯವಿಲ್ಲ.

ನಮ್ಮ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ದಿನಾ ಬೆಳಿಗ್ಗೆ ಇನ್ನೂರು ಶುಭೋದಯ ಬರುತ್ತವೆ. ಸಂತೋಷ. ಅದೇ ಗುಂಪಿನಲ್ಲಿ ಹತ್ತಿರದ ನೇತ್ರ ಬ್ಯಾಂಕಿನ ನಂಬರನ್ನು ಮೇಲೆ ಕಾಣುವಂತೆ ಇಡೋಣ. ಓಣಿಗೊಬ್ಬರಂತೆ ಹತ್ತು ಜನ ಮುಂದೆ ಬನ್ನಿ. ಸಾವಾದ ಮನೆಗೆ ಹೋಗಿ, ಹೊತ್ತು ನೋಡಿ, ಮೆಲ್ಲಗೆ ಕೇಳುವ ಹತ್ತು ಜನ. ಒಪ್ಪಿದರೆ ಸರಿ, ಒಪ್ಪದಿದ್ದರೆ ಕೈಮುಗಿದು ಬನ್ನಿ. ಈ ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟುತ್ತಿದ್ದೇವೆ, ಕಟ್ಟೋಣ. ಅದರ ಜೊತೆಗೆ ಇದೂ ಆಗಲಿ. ಮೊದಲ ಹೆಸರು ನನ್ನದು ಬರೆದುಕೊಳ್ಳಿ.

ನನ್ನ ಮಗಳು ಅಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದಾಳೆ. ಮಗಳೇ, ಇಷ್ಟು ಜನರ ಮುಂದೆ ಹೇಳುತ್ತಿದ್ದೇನೆ. ನನ್ನ ದಿನ ಬಂದಾಗ ನೀನು ಮೂರು ಸಲ ಎದ್ದು ಕೂರಬೇಡ. ಮೊದಲನೇ ಸಲಕ್ಕೇ ಹೇಳಿಬಿಡು. ಇಲ್ಲಿ ಕೂತವರೆಲ್ಲ ಸಾಕ್ಷಿ.

ನನಗೆ ಅಕ್ಷರ ಕೊಟ್ಟ ಈ ಶಾಲೆಗೆ, ಕುರಿಯ ಕಣ್ಣು ಕೊಯ್ದು ನನಗೆ ದಾರಿ ತೋರಿಸಿದ ಆ ಗುರುಗಳಿಗೆ ಶರಣು.